ಕ್ಯಾಮೆರಾ ಆನ್ ಆಗುವ ಮೊದಲು

ಕಾಲೇಜು ಅಧ್ಯಾಪಕರಿಗೆ ಆನ್‌ಲೈನ್ ಕೋರ್ಸ್ ಕಟ್ಟುವುದನ್ನು ಕಲಿಸುವವರು ಮೊದಲು ಅವರನ್ನು ಕೂರಿಸಬೇಕಾದದ್ದು ವಿದ್ಯಾರ್ಥಿಯ ಜಾಗದಲ್ಲಿ

2020ರ ಮಾರ್ಚ್‌ನಲ್ಲಿ ಕಾಲೇಜುಗಳ ಬಾಗಿಲು ಮುಚ್ಚಿದಾಗ ನಮ್ಮ ಮೇಷ್ಟ್ರುಗಳು ಕೈಕಟ್ಟಿ ಕೂರಲಿಲ್ಲ. ಪುಸ್ತಕದ ರಾಶಿಗೆ ಮೊಬೈಲ್ ಆನಿಸಿ, ಮನೆಯ ಗೋಡೆಗೆ ಬೋರ್ಡು ತೂಗುಹಾಕಿ, ನೆಟ್‌ವರ್ಕ್ ಸಿಗುವ ಮೂಲೆ ಹುಡುಕಿ ಪಾಠ ಮಾಡಿದರು. ಆ ಹೊತ್ತಿಗೆ ಅದು ದೊಡ್ಡ ಕೆಲಸವೇ. ಆದರೆ ಅಮೆರಿಕದ ಚಾರ್ಲ್ಸ್ ಹಾಡ್ಜಸ್ ಮತ್ತು ಅವರ ಜೊತೆಗಾರರು ಅದೇ ಮಾರ್ಚ್‌ನಲ್ಲೇ ಬರೆದು ಎಚ್ಚರಿಸಿದ್ದರು: ಇದು ತುರ್ತಿನ ದೂರಬೋಧನೆ, ಇದನ್ನೇ ಆನ್‌ಲೈನ್ ಶಿಕ್ಷಣ ಎಂದುಕೊಳ್ಳಬೇಡಿ ಎಂದು. ನಾವು ಹಾಗೆಯೇ ಅಂದುಕೊಂಡೆವು. ಐವತ್ತೈದು ನಿಮಿಷದ ತರಗತಿಯನ್ನು ಹಾಗೇ ಚಿತ್ರೀಕರಿಸಿ ಯೂಟ್ಯೂಬ್‌ಗೆ ಏರಿಸಿದರೆ ಕೋರ್ಸ್ ಸಿದ್ಧ ಎಂಬ ನಂಬಿಕೆ ಇನ್ನೂ ಪೂರ್ತಿ ಹೋಗಿಲ್ಲ. ಅಂಥ ವಿಡಿಯೊಗಳ ಪಾಡು ಮದುವೆ ಕ್ಯಾಸೆಟ್‌ನ ಪಾಡೇ. ತೆಗೆಸಿಕೊಂಡವರೂ ಕೊನೆವರೆಗೆ ನೋಡುವುದಿಲ್ಲ.

ದೂರದಿಂದ ಪಾಠ ಮಾಡುವುದು ನಮಗೆ ಹೊಸತೇನೂ ಅಲ್ಲ. 2004ರಲ್ಲಿ ಶಿಕ್ಷಣಕ್ಕೆಂದೇ ಮಾಡಿದ ಎಜುಸ್ಯಾಟ್ ಉಪಗ್ರಹ ಹಾರಿದಾಗ ಅದರ ಪ್ರಾಯೋಗಿಕ ಹಂತದಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇತ್ತು. ಅದಕ್ಕೂ ಮೊದಲೇ ಏಳು ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್ಸಿ ಸೇರಿ ಎನ್‌ಪಿಟಿಇಎಲ್ ಎಂಬ ವಿಡಿಯೊ ಪಾಠಗಳ ಯೋಜನೆ ಶುರುಮಾಡಿದ್ದವು. 2017ರ ಜುಲೈನಲ್ಲಿ ಆನ್‌ಲೈನ್ ಕೋರ್ಸ್‌ಗಳಿಗಾಗಿ ಕೇಂದ್ರ ಸರ್ಕಾರದ ಸ್ವಯಂ ವೇದಿಕೆ ಬಂತು. 2021ರಲ್ಲಿ ಯುಜಿಸಿ ನಿಯಮ ಸಡಿಲಿಸಿ, ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕ ಮಾಡಿಕೊಳ್ಳಬಹುದು ಎಂದಿತು. ಮೊದಲು ಈ ಮಿತಿ ಶೇ 20 ಇತ್ತು. ಹೀಗೆ ಓದುವವರಿಗೆ ದಾರಿ ತೆರೆಯಿತು. ಕೋರ್ಸ್ ಕಟ್ಟುವವರನ್ನು ತಯಾರು ಮಾಡುವ ಕೆಲಸ ಮಾತ್ರ ಅದೇ ವೇಗದಲ್ಲಿ ಸಾಗಲಿಲ್ಲ.

ಸ್ವಯಂ ಕೋರ್ಸ್‌ಗೆ ನಾಲ್ಕು ಅಂಗಗಳಿರಬೇಕು: ವಿಡಿಯೊ, ಓದುವ ಸಾಮಗ್ರಿ, ಚರ್ಚಾ ವೇದಿಕೆ, ಮೌಲ್ಯಮಾಪನ. ಕಾಗದದ ಮೇಲೆ ನಾಲ್ಕೂ ಸಮ. ಕೆಲಸಕ್ಕಿಳಿದಾಗ ಹಣ, ಸಮಯ, ಸ್ಟುಡಿಯೊ ದೀಪ, ಇಸ್ತ್ರಿ ಮಾಡಿದ ಅಂಗಿ ಎಲ್ಲವೂ ಮೊದಲನೆಯದಕ್ಕೇ ಖರ್ಚಾಗುತ್ತದೆ. ಚರ್ಚಾ ವೇದಿಕೆಯಲ್ಲಿ ‘ಸರ್, ಅಸೈನ್‌ಮೆಂಟ್ ಕೊನೇ ದಿನಾಂಕ ಯಾವಾಗ?’ ಎಂಬುದರ ಹೊರತು ಮಾತೇ ಹುಟ್ಟುವುದಿಲ್ಲ.

ಇಲ್ಲಿ ಐಐಟಿ ಬಾಂಬೆಯ ಕೆಲಸವನ್ನು ನೆನೆಯಬೇಕು. ಪ್ರೊ. ದೀಪಕ್ ಫಾಟಕ್ ಅವರ ಮುಂದಾಳತ್ವದಲ್ಲಿ ಹತ್ತು ಸಾವಿರ ಶಿಕ್ಷಕರಿಗೆ ತರಬೇತಿ ಕೊಡುವ ಯೋಜನೆ ನಡೆಯಿತು. ದೇಶದ ನಾನಾ ಎಂಜಿನಿಯರಿಂಗ್ ಕಾಲೇಜುಗಳನ್ನು ದೂರಕೇಂದ್ರಗಳಾಗಿ ಮಾಡಿಕೊಂಡು, ಮುಂಬೈಯಿಂದ ನೇರಪ್ರಸಾರದಲ್ಲಿ ಪಾಠ, ಸ್ಥಳದಲ್ಲೇ ಅಭ್ಯಾಸ. ಮುಂದೆ ಅಲ್ಲಿನ ಸಹನಾ ಮೂರ್ತಿ ಮತ್ತು ಸಹೋದ್ಯೋಗಿಗಳು ಕಲಿಯುವವರನ್ನು ನಡುವೆ ಇಟ್ಟು ಕೋರ್ಸ್ ಕಟ್ಟುವ ಮಾದರಿಯೊಂದನ್ನು ರೂಪಿಸಿದರು. ಅದಕ್ಕೆ ಎಲ್‌ಸಿಎಂ ಎಂದು ಹೆಸರು. ಅದೇ ಮಾದರಿಯಲ್ಲಿ ಅಧ್ಯಾಪಕರಿಗೂ ಆನ್‌ಲೈನ್ ಕೋರ್ಸ್ ನಡೆಸಿದರು. ನನಗೆ ಮುಖ್ಯ ಅನ್ನಿಸುವುದು ಇದೇ. ಕೋರ್ಸ್ ಮಾಡುವುದು ಹೇಗೆಂದು ಕಲಿಯಲು ಬಂದವರು ಮೊದಲು ಆ ಬಗೆಯ ಕೋರ್ಸನ್ನು ವಿದ್ಯಾರ್ಥಿಯಾಗಿ ಅನುಭವಿಸಬೇಕು. ಗಡುವು ತಪ್ಪಿದಾಗ ಆಗುವ ಗಾಬರಿ, ವೇದಿಕೆಯಲ್ಲಿ ಕೇಳಿದ ಪ್ರಶ್ನೆಗೆ ಎರಡು ದಿನ ಉತ್ತರ ಬಾರದಿದ್ದಾಗ ಆಗುವ ಬೇಸರ, ಇವು ಮೇಷ್ಟ್ರಿಗೂ ಒಮ್ಮೆ ತಟ್ಟಬೇಕು.

ಆ ಮಾದರಿಯಲ್ಲಿ ‘ರಿಫ್ಲೆಕ್ಷನ್ ಸ್ಪಾಟ್’ ಎಂಬ ತಾಣವಿದೆ. ವಿಡಿಯೊ ನಡುವೆ ಅಧ್ಯಾಪಕರು ಮಾತು ನಿಲ್ಲಿಸಿ, ಒಂದು ಪ್ರಶ್ನೆ ಕೊಟ್ಟು, ವಿಡಿಯೊ ನಿಲ್ಲಿಸಿ ನಿಮ್ಮ ಉತ್ತರ ಬರೆಯಿರಿ ಎನ್ನುತ್ತಾರೆ. ಆಮೇಲೆ ಬರಬಹುದಾದ ಉತ್ತರಗಳನ್ನು ಎತ್ತಿಕೊಂಡೇ ಪಾಠ ಮುಂದುವರಿಯುತ್ತದೆ. ಕೇಳಲು ಸುಲಭ. ಮಾಡಲು ಕೂತಾಗ ಗೊತ್ತಾಗುತ್ತದೆ ಅದರ ಕಷ್ಟ.

ಬಿ.ಕಾಂ. ಮೊದಲ ವರ್ಷದ ಸವಕಳಿ ಪಾಠವನ್ನೇ ತೆಗೆದುಕೊಳ್ಳಿ. ವಿಡಿಯೊ ನಿಲ್ಲಿಸಿ ‘ಸವಕಳಿ ಎಂದರೇನು?’ ಎಂದು ಕೇಳಿದರೆ ಅರವತ್ತು ಮಂದಿಯಿಂದ ಒಂದೇ ಗೈಡಿನ ಅದೇ ಎರಡು ಸಾಲು ಬರುತ್ತವೆ. ಬದಲಿಗೆ ಹೀಗೆ ಕೇಳಿ: ಒಬ್ಬರು 3 ಲಕ್ಷ ರೂಪಾಯಿಗೆ ಆಟೊ ಕೊಂಡಿದ್ದಾರೆ. ಐದು ವರ್ಷ ಓಡಿಸಿ 50 ಸಾವಿರಕ್ಕೆ ಮಾರುವ ಅಂದಾಜು. ಸ್ಥಿರ ಕಂತಿನ ವಿಧಾನದಲ್ಲಿ ವರ್ಷಕ್ಕೆ 50 ಸಾವಿರ ಸವಕಳಿ. ಇಳಿಕೆ ಶೇಷ ವಿಧಾನದಲ್ಲಿ ಶೇ 20ರಂತೆ ಹಿಡಿದರೆ ಮೊದಲ ವರ್ಷ 60 ಸಾವಿರ, ಎರಡನೇ ವರ್ಷ 48 ಸಾವಿರ. ಆಟೊದ ರಿಪೇರಿ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತದೆ. ಹಾಗಿದ್ದರೆ ಅವರ ಲೆಕ್ಕಕ್ಕೆ ಯಾವ ವಿಧಾನ ಹೆಚ್ಚು ಒಪ್ಪುತ್ತದೆ? ಕಾರಣ ಕೊಡಿ. ಇದಕ್ಕೆ ಗೈಡಿನಲ್ಲಿ ನೇರ ಉತ್ತರವಿಲ್ಲ. ಅಪ್ಪ ಆಟೊ ಓಡಿಸುವ ಹುಡುಗಿಗೆ ಮೇಷ್ಟ್ರಿಗಿಂತ ಹೆಚ್ಚು ಗೊತ್ತಿರುವ ಸಾಧ್ಯತೆಯೂ ಇದೆ. ಕೆಲವರು ಮೊದಲ ವರ್ಷದ ಲಾಭ ಕಡಿಮೆ ಕಾಣುತ್ತದಲ್ಲ ಎಂದು ತಕರಾರು ತೆಗೆಯುತ್ತಾರೆ. ಆ ತಕರಾರು ಬರುತ್ತದೆಂದು ಮೊದಲೇ ಊಹಿಸಿ ವಿಡಿಯೊದ ಮುಂದಿನ ಭಾಗವನ್ನು ಬರೆದಿಟ್ಟುಕೊಳ್ಳುವುದೇ ಈ ಕೆಲಸದ ಕಸುಬುಗಾರಿಕೆ. ತರಗತಿಯಲ್ಲಿ ಮುಖ ನೋಡಿ ತಿದ್ದಿಕೊಳ್ಳಬಹುದು. ಇಲ್ಲಿ ಮುಖ ಕಾಣುವ ಮೊದಲೇ ಎಲ್ಲ ಯೋಚಿಸಿರಬೇಕು.

ಹೀಗೆ ಕತ್ತರಿಸಿದಾಗ ವಿಡಿಯೊ ತಾನಾಗಿ ಚಿಕ್ಕದಾಗುತ್ತದೆ. ಫಿಲಿಪ್ ಗುವೊ ಮತ್ತು ಸಂಗಡಿಗರು ಎಡ್‌ಎಕ್ಸ್ ಎಂಬ ಆನ್‌ಲೈನ್ ವೇದಿಕೆಯ ನಾಲ್ಕು ಕೋರ್ಸ್‌ಗಳಲ್ಲಿ ಜನ ವಿಡಿಯೊ ನೋಡಿದ 69 ಲಕ್ಷ ಸಂದರ್ಭಗಳನ್ನು ಪರಿಶೀಲಿಸಿ 2014ರಲ್ಲಿ ವರದಿ ಮಾಡಿದರು. ವಿಡಿಯೊ ಎಷ್ಟೇ ಉದ್ದವಿರಲಿ, ನೋಡುಗರ ಗಮನದ ಅವಧಿಯ ಮಧ್ಯಮಾಂಕ ಆರು ನಿಮಿಷ ದಾಟಲಿಲ್ಲ. ಈ ಆರು ನಿಮಿಷವನ್ನೇ ಮಂತ್ರ ಮಾಡಿಕೊಂಡು ಒಂದು ಗಂಟೆಯ ಭಾಷಣವನ್ನು ಹತ್ತು ತುಂಡು ಮಾಡಿ ಏರಿಸುವವರೂ ಇದ್ದಾರೆ. ತುಂಡು ಮಾಡಿದ ಮಾತ್ರಕ್ಕೆ ಭಾಷಣ ಪಾಠವಾಗುವುದಿಲ್ಲ.

ಭಾಷೆಯ ಮಾತೂ ಇದೆ. ಚರ್ಚಾ ವೇದಿಕೆಯಲ್ಲಿ ಇಂಗ್ಲಿಷಿನಲ್ಲೇ ಬರೆಯಬೇಕೆಂಬ ಮೌನ ಕಟ್ಟಳೆ ಇದ್ದರೆ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಅತ್ತ ಸುಳಿಯುವುದಿಲ್ಲ. ಕನ್ನಡದಲ್ಲಿ ಬರೆಯಿರಿ, ಕಂಗ್ಲಿಷ್ ಆದರೂ ಅಡ್ಡಿಯಿಲ್ಲ, ವಾಯ್ಸ್ ನೋಟ್ ಕಳಿಸಿದರೂ ಆದೀತು ಎಂದು ಮೊದಲ ವಾರವೇ ಹೇಳಿ, ಅಧ್ಯಾಪಕರೇ ಹಾಗೊಂದು ಉತ್ತರ ಹಾಕಿ ತೋರಿಸಬೇಕು. ಸ್ಲೈಡಿನ ಅಕ್ಷರವನ್ನು ಮೊಬೈಲಿನಲ್ಲೇ ಓದಿ ನೋಡಬೇಕು, ಲ್ಯಾಪ್‌ಟಾಪಿನಲ್ಲಲ್ಲ. ಹೆಚ್ಚಿನವರು ನೋಡುವುದು ಮೊಬೈಲಿನಲ್ಲೇ.

ಇನ್ನು ಅಧ್ಯಾಪಕರಿಗಾಗಿ ನಡೆಯುವ ತರಬೇತಿಗಳ, ಅಂದರೆ ನಮ್ಮ ಎಫ್‌ಡಿಪಿಗಳ ಕಥೆ. ‘ವಿದ್ಯಾರ್ಥಿಕೇಂದ್ರಿತ ಆನ್‌ಲೈನ್ ಬೋಧನೆ’ ಎಂಬ ವಿಷಯ. ಉದ್ಘಾಟನೆ, ಪ್ರಾರ್ಥನೆ, ಅತಿಥಿ ಪರಿಚಯ, ಆಮೇಲೆ ಸಂಪನ್ಮೂಲ ವ್ಯಕ್ತಿಯೊಬ್ಬರಿಂದ ತೊಂಬತ್ತು ನಿಮಿಷ ಎಡೆಬಿಡದ ಪಿಪಿಟಿ. ಕೇಳುವವರೆಲ್ಲ ಮ್ಯೂಟ್, ಕ್ಯಾಮೆರಾ ಬಂದ್. ಕೊನೆಯ ಐದು ನಿಮಿಷಕ್ಕೆ ಗೂಗಲ್ ಫಾರ್ಮ್‌ನ ಲಿಂಕ್ ಬೀಳುತ್ತದೆ. ಆಗ ಎಲ್ಲರೂ ಎಚ್ಚರ. ತುಂಬಿದವರಿಗೆ ಇ-ಸರ್ಟಿಫಿಕೇಟ್. ಯಾವುದನ್ನು ಮಾಡಬಾರದೆಂದು ಕಲಿಸಬೇಕೋ ಅದನ್ನೇ ಮಾಡಿ ತೋರಿಸುವ ತರಬೇತಿ ಇದು.

ಇದರ ಬದಲು ಒಂದು ವಾರದ ಪಾಠವನ್ನಷ್ಟೇ ಕಟ್ಟಿಸಿ. ವಾರದ ಕೊನೆಗೆ ವಿದ್ಯಾರ್ಥಿ ಏನು ಮಾಡಬಲ್ಲವನಾಗಬೇಕು ಎಂಬುದನ್ನು ಮೊದಲು ಬರೆಸಿ, ಅದನ್ನು ಅಳೆಯುವ ಪ್ರಶ್ನೆ ಆಮೇಲೆ, ವಿಡಿಯೊ ಎಲ್ಲಕ್ಕಿಂತ ಕೊನೆಗೆ. ವಿಗಿನ್ಸ್ ಮತ್ತು ಮೆಕ್‌ಟೈ 1998ರ ತಮ್ಮ ಪುಸ್ತಕದಲ್ಲಿ ಹೇಳಿದ ಹಿಮ್ಮುಖ ವಿನ್ಯಾಸ ಇದೇ. ಫಲಿತಾಂಶ ಬರೆಯುವುದು ನಮ್ಮವರಿಗೆ ಗೊತ್ತಿಲ್ಲದ್ದಲ್ಲ. ಕಾಲೇಜಿಗೆ ಮಾನ್ಯತೆ ಕೊಡುವ ನ್ಯಾಕ್ ತಂಡ ಬರುತ್ತದೆಂದರೆ ರಾತ್ರಿ ಕೂತು ಕೋರ್ಸ್ ಮತ್ತು ಪದವಿಯ ಫಲಿತಾಂಶಗಳನ್ನು ಹೊಂದಿಸುವ ಸಿಒ-ಪಿಒ ಕೋಷ್ಟಕ ತುಂಬುತ್ತಾರೆ. ಆ ಕೋಷ್ಟಕ ಪಾಠದ ತನಕ ಇಳಿದು ಬರುವುದಿಲ್ಲ, ಅಷ್ಟೆ. ಕಟ್ಟಿದ ವಾರವನ್ನು ಬೇರೆ ವಿಷಯದ ಅಧ್ಯಾಪಕರೊಬ್ಬರಿಗೆ ಕೊಟ್ಟು, ಅವರಿಂದ ಮೊಬೈಲಿನಲ್ಲಿ ಓದಿಸಿ, ಎಲ್ಲಿ ಸಿಕ್ಕಿಕೊಂಡರೆಂದು ಗುರುತು ಹಾಕಿಸಬೇಕು. ಕನ್ನಡ ಮೇಷ್ಟ್ರು ಸವಕಳಿ ಪಾಠದಲ್ಲಿ ಎಡವಿದ ಜಾಗದಲ್ಲೇ ವಿದ್ಯಾರ್ಥಿಯೂ ಎಡವುತ್ತಾನೆ.

ಇದಕ್ಕೆಲ್ಲ ಹೊತ್ತು ಬೇಕು. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ ಎಂದು ಯುಜಿಸಿಯ 2018ರ ನಿಯಮ ಹೇಳುತ್ತದೆ. ಅದೇ ನಿಯಮ ನಾಲ್ಕು ಅಂಗಗಳಿರುವ ನಾಲ್ಕು ಕ್ರೆಡಿಟ್‌ನ ಮೂಕ್ (ಎಲ್ಲರಿಗೂ ತೆರೆದ ಆನ್‌ಲೈನ್ ಕೋರ್ಸ್) ಸಿದ್ಧಪಡಿಸಿದವರಿಗೆ 20 ಅಂಕ ಕೊಡುತ್ತದೆ, ಅದರ ಸಂಯೋಜಕರಿಗೆ 8. ಅಂಕ ಬಡ್ತಿಗೆ ಉಪಯೋಗ. ಮಕ್ಕಳ ಪ್ರಶ್ನೆಗೆ ಉತ್ತರ ಬರೆಯಲು ಬೇಕಾದ ಸಂಜೆಯನ್ನು ಅಂಕ ತಂದುಕೊಡುವುದಿಲ್ಲ. ಕೋರ್ಸ್ ನಡೆಸುವ ಸೆಮಿಸ್ಟರ್‌ನಲ್ಲಾದರೂ ಪ್ರಾಂಶುಪಾಲರು ವೇಳಾಪಟ್ಟಿಯಿಂದ ಒಂದು ಪೇಪರ್ ಇಳಿಸಿಕೊಡಬೇಕು. ಅತಿಥಿ ಉಪನ್ಯಾಸಕರ ಪರಿಸ್ಥಿತಿ ಇನ್ನೂ ಬೇರೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠದ ದೊಡ್ಡ ಪಾಲನ್ನು ಹೊತ್ತಿರುವವರು ಅವರೇ. ಅವರಿಗೆ ಬಡ್ತಿಯೂ ಇಲ್ಲ, ಅಂಕದ ಉಪಯೋಗವೂ ಇಲ್ಲ. ಮುಂದಿನ ವರ್ಷ ಅದೇ ಕಾಲೇಜಿನಲ್ಲಿ ಇರುತ್ತೇವೋ ಇಲ್ಲವೋ ತಿಳಿಯದವರು ಯಾರಿಗಾಗಿ ಕೋರ್ಸ್ ಕಟ್ಟಬೇಕು? ತರಬೇತಿಯ ಆಹ್ವಾನಪತ್ರ ಸಿದ್ಧಮಾಡುವವರು ಅವರ ಹೆಸರನ್ನೂ ಪಟ್ಟಿಯಲ್ಲಿ ಸೇರಿಸಿ, ಕಟ್ಟಿದ ಕೋರ್ಸಿಗೆ ಸಂಭಾವನೆ ಎಷ್ಟು, ಅದರ ಮೇಲೆ ಹಕ್ಕು ಯಾರದು ಎಂಬುದನ್ನು ಅದೇ ಪತ್ರದಲ್ಲಿ ಬರೆಯಲಿ.