ತೆಳ್ಳಗಿನವರ ಸಕ್ಕರೆ ಕಾಯಿಲೆ

ಚರ್ಮದಡಿ ಕೊಬ್ಬಿನ ಪದರವೇ ಇಲ್ಲದೆ ಹುಟ್ಟುವ ಮಕ್ಕಳಿದ್ದಾರೆ. ಲಿಪೊಡಿಸ್ಟ್ರೋಫಿ ಎಂಬ ಬಲು ಅಪರೂಪದ ಈ ಕಾಯಿಲೆಯಲ್ಲಿ ಕೆನ್ನೆ ಒಳಸೇರಿರುತ್ತದೆ, ತೋಳಿನ ರಕ್ತನಾಳಗಳು ಎದ್ದು ಕಾಣುತ್ತವೆ. ಕೊಬ್ಬೇ ಸಕ್ಕರೆ ಕಾಯಿಲೆಯ ಮೂಲವಾಗಿದ್ದರೆ ಇವರಷ್ಟು ಸುರಕ್ಷಿತರು ಬೇರೆ ಯಾರೂ ಇರಬಾರದಿತ್ತು. ಆಗುವುದು ತದ್ವಿರುದ್ಧ. ಇವರಲ್ಲಿ ಹಲವರಿಗೆ ಹದಿಹರೆಯದ ಹೊತ್ತಿಗೇ ತೀವ್ರ ಮಧುಮೇಹ ಬರುತ್ತದೆ, ಲಿವರ್ ತುಂಬ ಕೊಬ್ಬು ಕಟ್ಟುತ್ತದೆ, ಎಷ್ಟು ಇನ್ಸುಲಿನ್ ಚುಚ್ಚಿದರೂ ಸಕ್ಕರೆ ಹಿಡಿತಕ್ಕೆ ಸಿಗುವುದಿಲ್ಲ.

ದಪ್ಪಗಿದ್ದವರನ್ನು ಕಂಡು ಮೂದಲಿಸುವ, ತೆಳ್ಳಗಿದ್ದವರನ್ನು ಕಂಡು ‘ನಿನಗೇನು ಬಿಡು, ಆರೋಗ್ಯವಂತ’ ಎನ್ನುವ ನಮ್ಮ ಅಭ್ಯಾಸ ಎಷ್ಟು ತಪ್ಪು ಎಂಬುದು ಇಲ್ಲಿಂದಲೇ ಗೊತ್ತಾಗುತ್ತದೆ.

ಕೊಬ್ಬಿನ ಕೋಶವೆಂದರೆ ದೇಹದ ಕಣಜ. ಉಂಡ ಅನ್ನ, ಮುದ್ದೆ, ಚಪಾತಿಯಿಂದ ಬಂದ ಸಕ್ಕರೆಯನ್ನು ಲಿವರ್ ಮತ್ತು ಸ್ನಾಯುಗಳು ಗ್ಲೈಕೋಜೆನ್ ರೂಪದಲ್ಲಿ ಕೂಡಿಡಬಲ್ಲವಾದರೂ ಅದಕ್ಕೆ ಮಿತಿಯಿದೆ; ಎಲ್ಲ ಸೇರಿಸಿದರೂ ಸುಮಾರು ಅರ್ಧ ಕಿಲೋ. ಮಿಕ್ಕದ್ದೆಲ್ಲ ಕೊಬ್ಬಾಗಿ ಉಳಿಯಬೇಕು. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಒಂದು ಗ್ರಾಂ ಪಿಷ್ಟದಲ್ಲಿ 4. ಬರಗಾಲಗಳನ್ನು ದಾಟಿ ಬಂದ ಮನುಷ್ಯ ಕುಲಕ್ಕೆ ಇದಕ್ಕಿಂತ ಒಳ್ಳೆಯ ದಾಸ್ತಾನು ಇರಲಿಲ್ಲ. ಈ ದಾಸ್ತಾನಿನ ಕಾವಲು ಇನ್ಸುಲಿನ್ನಿನದು. ಊಟವಾದಾಗ ಅದು ಏರಿ ಕೊಬ್ಬನ್ನು ಒಳಗೆ ಸೇರಿಸುತ್ತದೆ, ಒಳಗಿದ್ದದ್ದು ಹೊರಹೋಗದಂತೆ ತಡೆಯುತ್ತದೆ. ರಾತ್ರಿ ಹೊಟ್ಟೆ ಖಾಲಿಯಾದಾಗ ಇಳಿಯುತ್ತದೆ. ಆಗ ಕೊಬ್ಬು ಕರಗಿ ಕೊಬ್ಬಿನಾಮ್ಲವಾಗಿ ರಕ್ತಕ್ಕಿಳಿದು ಸ್ನಾಯುಗಳಿಗೆ ಉರುವಲಾಗುತ್ತದೆ. ಈ ಕೋಶಗಳು ಸುಮ್ಮನೆ ಕೂತಿರುವುದೂ ಇಲ್ಲ: ದಾಸ್ತಾನು ಎಷ್ಟಿದೆ ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. 1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಇದನ್ನು ಪತ್ತೆಹಚ್ಚಿತು.

ತೊಂದರೆ ಶುರುವಾಗುವುದು ಕೋಶಗಳು ತುಂಬಿ ಇನ್ನು ಹಿಗ್ಗಲಾರದ ಸ್ಥಿತಿ ಮುಟ್ಟಿದಾಗ. ಆಗ ಅವು ಇನ್ಸುಲಿನ್ನಿನ ಮಾತು ಕೇಳುವುದಿಲ್ಲ. ಊಟದ ನಂತರವೂ ಕೊಬ್ಬಿನಾಮ್ಲ ರಕ್ತಕ್ಕೆ ಸೋರುತ್ತದೆ, ಇರಬಾರದ ಕಡೆ ಹೋಗಿ ಕೂರುತ್ತದೆ. ಸ್ನಾಯುವಿನೊಳಗೆ ಸೇರಿದರೆ ಇನ್ಸುಲಿನ್ನಿನ ಸಂದೇಶಕ್ಕೆ ಅಡ್ಡಿಯಾಗಿ ಸಕ್ಕರೆ ಹೊರಗೇ ಉಳಿಯುತ್ತದೆ. ಲಿವರ್‌ನಲ್ಲಿ ಕೂತರೆ ಅದು ಬೇಡದ ಹೊತ್ತಿನಲ್ಲೂ ಸಕ್ಕರೆ ತಯಾರಿಸುತ್ತಲೇ ಇರುತ್ತದೆ. ಬೆಳಿಗ್ಗೆ ಬರಿಹೊಟ್ಟೆಯ ರಕ್ತಪರೀಕ್ಷೆಯಲ್ಲಿ ಶುಗರ್ ಏರಿರುವುದಕ್ಕೆ ದೊಡ್ಡ ಕಾರಣ ಇದೇ. ಮೇದೋಜೀರಕ ಗ್ರಂಥಿಗೂ ಕೊಬ್ಬು ತಲುಪಿದರೆ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳೇ ಸೋಲತೊಡಗುತ್ತವೆ. ಚರ್ಮದಡಿ ಕಣಜವೇ ಇಲ್ಲದ ಲಿಪೊಡಿಸ್ಟ್ರೋಫಿಯ ಮಕ್ಕಳಲ್ಲಿ ಆಗುವುದೂ ಇದೇ.

ಎಂದ ಮೇಲೆ ಮೈಯಲ್ಲಿ ಒಟ್ಟು ಎಷ್ಟು ಕೊಬ್ಬಿದೆ ಎನ್ನುವುದಕ್ಕಿಂತ ಅದು ಎಲ್ಲಿದೆ ಎನ್ನುವುದು ಮುಖ್ಯ. ಈ ವಿಷಯದಲ್ಲಿ, ಕೊಬ್ಬನ್ನು ಸುರಕ್ಷಿತವಾಗಿ ಕೂಡಿಡಲು ಭಾರತೀಯರ ದೇಹಕ್ಕೆ ಸಿಕ್ಕಿರುವ ಜಾಗ ಚಿಕ್ಕದು. 2004ರಲ್ಲಿ ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರ ಫೋಟೊವನ್ನೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಕ್ಕಪಕ್ಕ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕವಾದ ಬಿಎಂಐ ಇಬ್ಬರದ್ದೂ 22.3. ಆದರೆ ಯುಡ್ಕಿನ್ ಮೈಯಲ್ಲಿ ಶೇ 9.1ರಷ್ಟು ಕೊಬ್ಬಿದ್ದರೆ ಯಾಜ್ಞಿಕ್ ಮೈಯಲ್ಲಿ ಶೇ 21.2. ಪುಣೆ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳ ಜೊತೆ ಹೋಲಿಸಿದಾಗಲೂ ಇದೇ ಕಂಡಿತು. ಇಲ್ಲಿನ ಮಗುವಿನ ತೂಕ ಸರಾಸರಿ 2.7 ಕಿಲೋ, ಅಲ್ಲಿನದು 3.5. ನಮ್ಮ ಮಕ್ಕಳಲ್ಲಿ ಸ್ನಾಯು ಬಹಳ ಕಡಿಮೆ, ಆದರೆ ಬೆನ್ನ ಮೇಲಿನ ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ಸಣಕಲು ಕೈಕಾಲು, ಮುಂದೆ ಬಂದ ಹೊಟ್ಟೆ: ನಮ್ಮ ಬಸ್ಸುಗಳಲ್ಲಿ, ಕಚೇರಿಗಳಲ್ಲಿ ದಿನವೂ ಕಾಣುವ ಮೈಕಟ್ಟಿನ ಬೇರು ಗರ್ಭದಲ್ಲೇ ಇದೆ.

ಇದನ್ನು ಅರಿಯುವುದಕ್ಕೆ ಮೈಸೂರು ಕೊಟ್ಟ ಕಾಣಿಕೆ ದೊಡ್ಡದು. ಕನ್ನಡಿಗರಿಗೇ ಅದು ಅಷ್ಟಾಗಿ ಗೊತ್ತಿಲ್ಲ. ಊರವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಪ್ರತಿ ಹೆರಿಗೆಯ ವಿವರ ಬರೆದಿಡುತ್ತಿದ್ದರು. ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ ಎಲ್ಲವೂ ಅದರಲ್ಲಿತ್ತು. ಅರ್ಧ ಶತಮಾನದ ಬಳಿಕ ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ಸಂಶೋಧಕರು 1934ರಿಂದ 1953ರ ನಡುವೆ ಅಲ್ಲಿ ಹುಟ್ಟಿ ಊರಲ್ಲೇ ಉಳಿದಿದ್ದ ಐನೂರಕ್ಕೂ ಹೆಚ್ಚು ಜನರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಉದ್ದ ಕಡಿಮೆಯಿದ್ದು ದುಂಡಗಿದ್ದವರಲ್ಲಿ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚಿತ್ತು. 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ‘ಪಾರ್ಥೆನಾನ್’ ಅಧ್ಯಯನ ಶುರುವಾಯಿತು. ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತೂವರೆ ವಯಸ್ಸಿಗೇ ಕೊಬ್ಬು ಮತ್ತು ಇನ್ಸುಲಿನ್ ಪ್ರತಿರೋಧ ಎರಡೂ ಜಾಸ್ತಿ ಕಂಡವು. ಆ ಗರ್ಭಿಣಿಯರಲ್ಲಿ ಶೇ 43 ಮಂದಿಗೆ ಬಿ12 ವಿಟಮಿನ್ ಕೊರತೆಯಿತ್ತು; ಕೊರತೆಯಿದ್ದವರಲ್ಲಿ ಮೈಯ ಕೊಬ್ಬೂ ಗರ್ಭಕಾಲದ ಮಧುಮೇಹವೂ ಹೆಚ್ಚು.

ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು ಐಸಿಎಂಆರ್ ನೆರವಿನ ‘ಇಂಡಿಯಾಬ್’ ಸಮೀಕ್ಷೆ 2023ರಲ್ಲಿ ಅಂದಾಜಿಸಿತು. ಹೊಟ್ಟೆಯ ಬೊಜ್ಜು ಇರುವವರು ಶೇ 39.5. ಹೀಗಾಗಿ ತೂಕದ ಯಂತ್ರಕ್ಕಿಂತ ಟೈಲರ್‌ ಅಂಗಡಿಯ ಟೇಪಿಗೇ ಹೆಚ್ಚು ಬೆಲೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ, ಮೈ ಎಷ್ಟೇ ತೆಳ್ಳಗೆ ಕಂಡರೂ, ರಕ್ತಪರೀಕ್ಷೆಗೆ ಹೋಗಬೇಕು.

ಜಾಗ ತಪ್ಪಿ ಕೂತ ಕೊಬ್ಬನ್ನು ಹೊರಹಾಕಲೂಬಹುದು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ರಾಯ್ ಟೇಲರ್ 2011ರಲ್ಲಿ ಹನ್ನೊಂದು ರೋಗಿಗಳಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿಯ ಪಥ್ಯ ಕೊಟ್ಟರು. ಒಂದೇ ವಾರದಲ್ಲಿ ಲಿವರ್ ಕೊಬ್ಬು ಶೇ 30ರಷ್ಟು ಇಳಿದು ಬರಿಹೊಟ್ಟೆಯ ಸಕ್ಕರೆ ಸಹಜ ಮಟ್ಟಕ್ಕೆ ಬಂತು. 306 ಜನರ ‘ಡೈರೆಕ್ಟ್’ ಪ್ರಯೋಗದಲ್ಲಿ, ಪಥ್ಯ ಮಾಡಿದವರ ಪೈಕಿ ಶೇ 46 ಮಂದಿ ಒಂದು ವರ್ಷದ ಹೊತ್ತಿಗೆ ಮಾತ್ರೆಯಿಲ್ಲದೆಯೇ ಮಧುಮೇಹದ ಮಟ್ಟದಿಂದ ಕೆಳಗಿದ್ದರು. ಅಷ್ಟೇನೂ ದಪ್ಪವಿಲ್ಲದ 20 ಜನರ ಮೇಲೆ ಟೇಲರ್ ನಡೆಸಿದ ಪ್ರಯೋಗದಲ್ಲೂ 14 ಜನರಿಗೆ ಅದೇ ಫಲ ಸಿಕ್ಕಿತು. ನಮ್ಮ ಜನಕ್ಕೆ ಇದು ನಿಜಕ್ಕೂ ಆಸೆ ಹುಟ್ಟಿಸುವ ಸುದ್ದಿ. ಆದರೆ ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇಂಥ ಪಥ್ಯಕ್ಕೆ ಇಳಿಯಬಾರದು. ಸಕ್ಕರೆ ದಿಢೀರನೆ ಕುಸಿದು ಜೀವಕ್ಕೇ ಅಪಾಯವಾಗಬಹುದು. ಪಥ್ಯ ಬಿಟ್ಟು ತೂಕ ಮರಳಿ ಬಂದರೆ ಕಾಯಿಲೆಯೂ ಮರಳುತ್ತದೆ.

ಮೈಸೂರಿನ ದಾಖಲೆಗಳನ್ನು ನೋಡಿದರೆ ಚಿಕಿತ್ಸೆ ಇನ್ನೂ ಹಿಂದಿನಿಂದ, ಬಸುರಿನಿಂದಲೇ ಶುರುವಾಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುವ ಸರಳ ಪರೀಕ್ಷೆಯಿದೆ. ಶುಗರ್ 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪಥ್ಯ, ಅಗತ್ಯವಿದ್ದರೆ ಔಷಧ. ಹೆರಿಗೆಯಾದ ಆರು ವಾರಕ್ಕೆ ತಾಯಿಗೆ ಇನ್ನೊಮ್ಮೆ ಪರೀಕ್ಷೆ ಆಗಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಆ ಹೊತ್ತಿಗೆ ಮನೆಯವರ ಗಮನವೆಲ್ಲ ಕೂಸಿನ ಲಸಿಕೆಯ ಮೇಲಿರುತ್ತದೆ. ಕೂಸನ್ನು ಲಸಿಕೆಗೆ ಕರೆತಂದ ದಿನವೇ ಬಾಣಂತಿಯ ರಕ್ತವನ್ನೂ ಪರೀಕ್ಷಿಸಿ ಕಳಿಸುವುದು ಯಾವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಕಷ್ಟದ ಕೆಲಸವಲ್ಲ.