ನಿಂತರೆ ತುಕ್ಕು, ಓಡಿದರೆ ಬದುಕು: ಹಳೆಯ ಸ್ಪೋರ್ಟ್ಸ್ ಕಾರಿನ ನಿತ್ಯದ ಓಡಾಟ

ಮುಂಬಯಿ ಮಹಾನಗರದ ಹಳೆಯ ಹೌಸಿಂಗ್ ಸೊಸೈಟಿಗಳ ಹಿಂಬದಿಯಲ್ಲಿ, ನೀರಿನ ಟಾಂಕಿಯ ಪಕ್ಕ ಟಾರ್ಪಾಲು ಹೊದ್ದ ಕಾರೊಂದು ನಿಂತಿರುವುದು ಇಂದಿಗೂ ಅಪರೂಪದ ದೃಶ್ಯವಲ್ಲ. ಹೋಟೆಲು ಉದ್ಯಮದಲ್ಲೋ ಬ್ಯಾಂಕಿನ ನೌಕರಿಯಲ್ಲೋ ಬೆವರು ಸುರಿಸಿದ ಹಿರಿಯರು ವರ್ಷಗಟ್ಟಲೆ ಸರದಿ ಕಾದು ಮನೆಗೆ ತಂದ ಫಿಯೆಟ್, ಹೆರಾಲ್ಡ್ ಅಥವಾ ಅಂಬಾಸಿಡರ್ ಅದು. ಹಿರಿಯರು ಕಾಲವಾದ ಮೇಲೆ ಮಕ್ಕಳಿಗೆ ಅದನ್ನು ಮಾರಲು ಮನಸ್ಸಿಲ್ಲ, ಓಡಿಸಲು ಧೈರ್ಯವಿಲ್ಲ. ಸೊಸೈಟಿಯ ಮಹಾಸಭೆಯಲ್ಲಿ ಪಾರ್ಕಿಂಗ್ ಜಾಗದ ತಕರಾರು ಎದ್ದಾಗ ಮಾತ್ರ ಎಲ್ಲರಿಗೂ ಅದರ ನೆನಪಾಗುತ್ತದೆ.

ಇಂತಹುದೇ ಪ್ರಶ್ನೆ ಇಂಗ್ಲೆಂಡಿನಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರ ಮುಂದೆಯೂ ಇದೆ. ಅರುವತ್ತರ ದಶಕದ ಎಂಜಿ ಅಥವಾ ಟ್ರಯಂಫ್ ಕಾರನ್ನು ಭಾನುವಾರದ ಶೋಕಿಗೆ ಮಾತ್ರ ಹೊರಗೆ ತೆಗೆಯಬೇಕೇ, ಇಲ್ಲವೇ ದಿನವೂ ಕಚೇರಿಗೆ, ಮಾರುಕಟ್ಟೆಗೆ ಒಯ್ಯಬಹುದೇ? ಅಲ್ಲಿ ಎರಡನೆಯ ದಾರಿ ಹಿಡಿದವರೂ ಇದ್ದಾರೆ. ಅವರು ಕಂಡುಕೊಂಡ ಸತ್ಯ ಒಂದೇ: ಹಳೆಯ ಕಾರನ್ನು ಓಟಕ್ಕಿಂತ ಹೆಚ್ಚಾಗಿ ವಿಶ್ರಾಂತಿಯೇ ಕೊಲ್ಲುತ್ತದೆ. ಆ ಮಾತು ನಮ್ಮ ಟಾರ್ಪಾಲಿನಡಿಯ ಕಾರಿಗೂ ಅನ್ವಯಿಸುತ್ತದೆ. ಏಕೆಂದರೆ ಈ ಎರಡೂ ಬಗೆಯ ಕಾರುಗಳ ನಡುವೆ ದಾಯಾದಿ ಸಂಬಂಧವಿದೆ.

ಸಂಸಾರಸ್ಥರ ಕಾರಿನ ಬಿಡಿಭಾಗ, ಸ್ಪೋರ್ಟ್ಸ್ ಕಾರಿನ ಓಟ

ಸ್ಪೋರ್ಟ್ಸ್ ಕಾರು ಎಂದೊಡನೆ ಕೋಟ್ಯಧೀಶರ ಆಟಿಕೆ ಎಂಬ ಭಾವನೆ ಜನಸಾಮಾನ್ಯರಲ್ಲಿದೆ. ಆದರೆ ಯುದ್ಧಾನಂತರದ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಚರಿತ್ರೆ ಬೇರೆಯೇ ಕಥೆ ಹೇಳುತ್ತದೆ. ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡ್ ನಗರದ ಈ ಮೋಟಾರು ಅಂಗಡಿಯ ವ್ಯವಸ್ಥಾಪಕರಾಗಿದ್ದ ಸೆಸಿಲ್ ಕಿಂಬರ್ ಅವರು 1920ರ ದಶಕದಲ್ಲಿ ಸಾಧಾರಣ ಮಾರಿಸ್ ಕಾರಿಗೆ ಚುರುಕಾದ ಮೈಕಟ್ಟು ತೊಡಿಸಿ ಮಾರಲಾರಂಭಿಸಿದ್ದೇ ಅದರ ಮೂಲ. ಅಂದಿನಿಂದಲೂ ಸಂಸಾರಸ್ಥರ ಕಾರಿನ ಯಂತ್ರಭಾಗಗಳನ್ನು ಎರಡು ಸೀಟಿನ ಹಗುರ ದೇಹಕ್ಕೆ ಜೋಡಿಸುವುದೇ ಎಂಜಿಯ ಜಾಯಮಾನ.

1955ರಲ್ಲಿ ಹೊರಬಂದ ಎಂಜಿಎ ಕಾರಿನಲ್ಲಿ ಬಿಎಂಸಿ ಕಂಪೆನಿಯ 'ಬಿ-ಸೀರೀಸ್' ಬಳಗದ 1489 ಸಿಸಿ ಎಂಜಿನ್ ಇತ್ತು. ಇದೇ ಬಳಗದ ಎಂಜಿನ್ ನಮ್ಮ ಹಿಂದುಸ್ಥಾನ್ ಅಂಬಾಸಿಡರಿನ ಬಾನೆಟ್ಟಿನಡಿಯೂ ದಶಕಗಳ ಕಾಲ ದುಡಿಯಿತು. 1962ರಲ್ಲಿ ಬಂದ ಎಂಜಿಬಿಯ 1798 ಸಿಸಿ ಎಂಜಿನ್ ಕೂಡ ಅದೇ ಬಳಗದ ಹಿರಿಯಣ್ಣ. 1980ರ ತನಕ 5 ಲಕ್ಷಕ್ಕೂ ಅಧಿಕ ಸಂಖ್ಯೆಯಲ್ಲಿ ತಯಾರಾದ ಎಂಜಿಬಿ ಇಂದು ಇಂಗ್ಲೆಂಡಿನಲ್ಲಿ ನಿತ್ಯ ಬಳಕೆಗೆ ಹೇಳಿ ಮಾಡಿಸಿದ ಹಳೆಯ ಸ್ಪೋರ್ಟ್ಸ್ ಕಾರು. ಅದರ ಇಡೀ ದೇಹವನ್ನೇ ಹೊಸದಾಗಿ ಒತ್ತಿ ಕೊಡುವ ವ್ಯವಸ್ಥೆ 1988ರಿಂದ ಅಲ್ಲಿದೆ.

ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನದೂ ಇದೇ ಕಥೆ. ಇಟಲಿಯ ವಿನ್ಯಾಸಕಾರ ಜೊವಾನ್ನಿ ಮಿಕೆಲೊಟ್ಟಿ ರೂಪಿಸಿದ ಟ್ರಯಂಫ್ ಹೆರಾಲ್ಡ್ ಅದರ ಮೂಲ. ಅದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡಗೊಳಿಸಿ, ಅದೇ ಮಿಕೆಲೊಟ್ಟಿಯವರ ಕೈಯಿಂದಲೇ ಹೊಸ ಮೈ ಪಡೆದು 1962ರಲ್ಲಿ ಬಂದದ್ದು ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು.

ಇನ್ನು ಮುಂಬಯಿಗರ ಮನೆಮಾತಾದ ಫಿಯೆಟ್ 1100. ಇದರ 1089 ಸಿಸಿ ಎಂಜಿನ್ನಿನ ಪೂರ್ವಜನನ್ನು ಹೊತ್ತು ಇಟಲಿಯಲ್ಲಿ ಯುದ್ಧಾನಂತರ ತಯಾರಾದ ಚಿಸಿತಾಲಿಯಾ 202 ಎಂಬ ಸ್ಪೋರ್ಟ್ಸ್ ಕಾರು ಇಂದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಕಲಾಕೃತಿಯಾಗಿ ಸ್ಥಾನ ಪಡೆದಿದೆ. ಒಬ್ಬ ದಾಯಾದಿ ಸಂಗ್ರಹಾಲಯ ಸೇರಿದರೆ ಇನ್ನೊಬ್ಬ ಕಪ್ಪು-ಹಳದಿ ಬಣ್ಣ ಬಳಿದುಕೊಂಡು ದಾದರಿನಿಂದ ಕೊಲಾಬಾಕ್ಕೆ ಬಾಡಿಗೆ ಹೊಡೆದ!

ಸರ್ ಎಂ.ವಿ. ಕಂಡ ಕನಸು

ಫಿಯೆಟ್ ತಯಾರಿಸಿದ ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯ ಹಿನ್ನೆಲೆಯಲ್ಲಿ ಕನ್ನಡಿಗರು ಹೆಮ್ಮೆಪಡಬೇಕಾದ ಹೆಸರೊಂದಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ವಿದೇಶಗಳ ಮೋಟಾರು ಕಾರ್ಖಾನೆಗಳನ್ನು ಅಭ್ಯಸಿಸಿ, ಮುಂಬಯಿಯಲ್ಲಿ ಸ್ವದೇಶಿ ಮೋಟಾರು ಕಾರ್ಖಾನೆ ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಆ ಪ್ರಯತ್ನಕ್ಕೆ ಕೈಜೋಡಿಸಿದರು. ಬ್ರಿಟಿಷ್ ಸರಕಾರದ ಬೆಂಬಲ ದೊರೆಯದೆ ಯೋಜನೆ ವಿಳಂಬವಾಗಿ, ಕೊನೆಗೆ 1944ರಲ್ಲಿ ವಾಲ್‌ಚಂದರ ಪ್ರೀಮಿಯರ್ ಕಂಪೆನಿ ಅಸ್ತಿತ್ವಕ್ಕೆ ಬಂತು. ಮುಂದೆ 'ಪ್ರೀಮಿಯರ್ ಪದ್ಮಿನಿ' ಎಂಬ ಹೆಸರು ಪಡೆದ ಆ ಫಿಯೆಟ್, ಟ್ಯಾಕ್ಸಿಯಾಗಿ ಮುಂಬಯಿ ರಸ್ತೆಗಳಿಂದ ಮರೆಯಾದದ್ದು 2023ರ ಅಕ್ಟೋಬರ್ ಕೊನೆಯಲ್ಲಿ. ಕೊನೆಯ ಪದ್ಮಿನಿ ಟ್ಯಾಕ್ಸಿಗೆ 20 ವರ್ಷ ತುಂಬಿದ್ದೇ ಅದಕ್ಕೆ ಕಾರಣವಾಯಿತೇ ಹೊರತು ಅದರ ಎಂಜಿನ್ ಸೋತದ್ದಲ್ಲ. ಹಗಲೂ ರಾತ್ರಿ ಪಾಳಿಯ ಮೇಲೆ ಓಡಿದ ಈ ಟ್ಯಾಕ್ಸಿಗಳಿಗಿಂತ ನಿತ್ಯ ಬಳಕೆಗೆ ಬೇರೆ ಸಾಕ್ಷಿ ಬೇಕಿಲ್ಲ.

ನಿಲ್ಲಿಸಿಟ್ಟ ಕಾರಿಗೆ ಏನಾಗುತ್ತದೆ?

ತಿಂಗಳುಗಟ್ಟಲೆ ನಿಂತ ಕಾರಿನ ಕಾರ್ಬುರೇಟರಿನಲ್ಲಿ ಪೆಟ್ರೋಲು ಆವಿಯಾಗಿ ಅಂಟು ಉಳಿಯುತ್ತದೆ, ಸೂಕ್ಷ್ಮ ಜೆಟ್ಟುಗಳು ಕಟ್ಟಿಕೊಳ್ಳುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡು ಸಿಲಿಂಡರುಗಳನ್ನು ಒಳಗಿಂದಲೇ ತುಕ್ಕು ಹಿಡಿಸುತ್ತದೆ. ರಬ್ಬರ್ ಸೀಲುಗಳು ಒಣಗಿ ಬಿರಿಯುತ್ತವೆ, ಬ್ಯಾಟರಿ ಸಾಯುತ್ತದೆ, ಟಯರುಗಳು ಒಂದೇ ಕಡೆ ಚಪ್ಪಟೆಯಾಗುತ್ತವೆ. ಅರಬೀ ಸಮುದ್ರದ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ ಸೇರಿದ ಮೇಲಂತೂ ಬಾಗಿಲಿನ ಕೆಳಗಿನ ಪಟ್ಟಿ, ಕಾಲಡಿಯ ತಗಡು ಕರಗಿಹೋಗುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಟ್ಟು ಈ ಕೆಲಸವನ್ನು ಇನ್ನಷ್ಟು ಸುಲಭಗೊಳಿಸುತ್ತದೆ.

ವಾರದಲ್ಲಿ ನಾಲ್ಕಾರು ದಿನ ಓಡುವ ಕಾರಿಗೆ ಈ ಕಾಯಿಲೆಗಳು ಕಡಿಮೆ. ಆದರೆ ಮನೆಯಿಂದ ಸ್ಟೇಷನ್ನಿಗೆ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವುದರಿಂದಲೂ ಪ್ರಯೋಜನವಿಲ್ಲ. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಒಳಗಿನ ತೇವ ಆಯಿಲ್‌ನಲ್ಲೇ ಉಳಿಯುತ್ತದೆ. ಅರ್ಧ ಗಂಟೆಯಾದರೂ ಓಡಿಸುವುದು ಲೇಸು.

ನಿತ್ಯ ಓಡಿಸುವವರ ದಿನಚರಿ

ಹಳೆಯ ಕಾರಿನ ನಿತ್ಯ ಓಡಾಟ ಕೀಲಿ ತಿರುಗಿಸಿ ಹೊರಡುವ ವ್ಯವಹಾರವಲ್ಲ, ಅದೊಂದು ಶಿಸ್ತು. ಬೆಳಗ್ಗೆ ಚೋಕ್ ಎಳೆದು, ಎಂಜಿನ್ ಹದಕ್ಕೆ ಬಂದಂತೆ ಅದನ್ನು ಹಿಂದೆ ದೂಡಬೇಕು. ವಾರಕ್ಕೊಮ್ಮೆ ಆಯಿಲ್, ನೀರು, ಬ್ರೇಕ್ ಆಯಿಲ್, ಟಯರ್ ಗಾಳಿ ಪರೀಕ್ಷಿಸಬೇಕು. ಸುಮಾರು 5,000 ಕಿಲೋಮೀಟರಿಗೆ ಆಯಿಲ್ ಬದಲಿಸಿ, ವಾಲ್ವ್ ಸಂದು, ಪ್ಲಗ್, ಪಾಯಿಂಟ್ ನೋಡಿಸಿಕೊಳ್ಳಬೇಕು. ಎಂಜಿಬಿಯಂತಹ ಕಾರುಗಳ ಮುಂಚಕ್ರದ ಕಿಂಗ್‌ಪಿನ್ನುಗಳಿಗೆ ಕಾಲಕಾಲಕ್ಕೆ ಗ್ರೀಸ್ ತುಂಬಲೇಬೇಕು. ಹಳೆಯ ಎಂಜಿನ್ನಿಗೆ ಹೊಸ ಕಾರಿನ ತೆಳು ಆಯಿಲ್ ಹೊಂದುವುದಿಲ್ಲ, 20ಡಬ್ಲ್ಯೂ-50ರಂತಹ ದಪ್ಪ ಆಯಿಲ್ ಒಳ್ಳೆಯದು.

ಮಹಾನಗರದ ಟ್ರಾಫಿಕ್ಕಿನಲ್ಲಿ ಈ ಕಾರುಗಳ ಮುಖ್ಯ ಶತ್ರು ಬಿಸಿ. ಅವುಗಳ ಫ್ಯಾನ್ ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುವುದರಿಂದ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಗಾಳಿಯೂ ತಗ್ಗುತ್ತದೆ. ಹಳೆಯ ಡೈನಮೋ ಕೂಡ ಎಂಜಿನ್ ನಿಧಾನವಾಗಿದ್ದಾಗ ಬ್ಯಾಟರಿಗೆ ಸರಿಯಾಗಿ ಚಾರ್ಜ್ ಕೊಡದು. ಆದ್ದರಿಂದಲೇ ದಿನವೂ ಓಡಿಸುವವರಲ್ಲಿ ಅನೇಕರು ರೇಡಿಯೇಟರ್ ಶುಚಿಗೊಳಿಸಿ ವಿದ್ಯುತ್ ಫ್ಯಾನ್ ಅಳವಡಿಸುತ್ತಾರೆ, ಡೈನಮೋ ಜಾಗಕ್ಕೆ ಆಲ್ಟರ್ನೇಟರ್, ಪಾಯಿಂಟ್ ಜಾಗಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುತ್ತಾರೆ. ಹೊರನೋಟ ಬದಲಾಗದೆ ಭರವಸೆ ಹೆಚ್ಚುವ ಬದಲಾವಣೆಗಳಿವು.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಮೋಹ ಸಲ್ಲದು. ಏರ್‌ಬ್ಯಾಗಿಲ್ಲ, ಎಬಿಎಸ್ ಇಲ್ಲ, ಫಿಯೆಟ್ಟಿನ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು. ಮುಂದಿನ ಹೊಸ ಕಾರು ನಿಂತಷ್ಟು ಬೇಗ ಹಳೆಯ ಕಾರು ನಿಲ್ಲದು. ಖಂಡಾಲಾ ಘಾಟಿಯಲ್ಲಾಗಲಿ, ಊರಿನ ದಾರಿಯ ಶಿರಾಡಿ ಘಾಟಿಯಲ್ಲಾಗಲಿ ಇಳಿಯುವಾಗ ಕೆಳಗಿನ ಗೇರಿನಲ್ಲೇ ಬರಬೇಕು. ಬ್ರೇಕನ್ನೇ ನಂಬಿ ಇಳಿದರೆ ಡ್ರಮ್ ಕಾದು ಹಿಡಿತ ತಪ್ಪುತ್ತದೆ. ಸೀಟ್ ಬೆಲ್ಟ್ ಇಲ್ಲದ ಕಾರಿಗೆ ಗಟ್ಟಿ ಜಾಗದಲ್ಲಿ ಬೆಲ್ಟ್ ಹಾಕಿಸುವುದು ಮೊದಲ ಖರ್ಚಾಗಬೇಕು. ಪುಟ್ಟ ಮಕ್ಕಳನ್ನು ಶಾಲೆಗೆ ಬಿಡಲು ಮನೆಯಲ್ಲಿ ಬೇರೆ ಕಾರಿದ್ದರೆ ಅದೇ ಸರಿ.

ಪೆಟ್ರೋಲು ಬದಲಾಗಿದೆ

2000ದಲ್ಲಿ ದೇಶಾದ್ಯಂತ ಸೀಸದ ಪೆಟ್ರೋಲು ನಿಂತಾಗ ಹಳೆಯ ಎಂಜಿನ್ನುಗಳಿಗೆ ಗಟ್ಟಿ ವಾಲ್ವ್ ಸೀಟು ಹಾಕಿಸುವ ಪ್ರಮೇಯ ಬಂದಿತ್ತು. ಈಗ ಶೇ. 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲಿನ ಕಾಲ. ಎಥನಾಲ್ ತೇವ ಹೀರುತ್ತದೆ, ಹಳೆಯ ಕಾಲದ ರಬ್ಬರ್ ಪೈಪು, ಡಯಾಫ್ರಾಮು, ವಾಷರುಗಳನ್ನು ಮೆತ್ತಗಾಗಿಸುತ್ತದೆ. ಇದರಿಂದ ಪೈಪು ಸೋರಿ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಬಿದ್ದರೆ ಬೆಂಕಿಯ ಅಪಾಯವೂ ಉಂಟು. ಎಥನಾಲ್ ತಡೆಯುವ ಪೈಪು-ಸೀಲುಗಳನ್ನು ಹಾಕಿಸಿ, ಕಾರ್ಬುರೇಟರನ್ನು ತುಸು ಹೆಚ್ಚು ಪೆಟ್ರೋಲು ಬಿಡುವಂತೆ ಹೊಂದಿಸಿ, ಟಾಂಕಿಯಲ್ಲಿ ಪೆಟ್ರೋಲು ಹಳಸದಂತೆ ಓಡಿಸುತ್ತಿರುವುದೇ ಪರಿಹಾರ. ಇಲ್ಲಿಯೂ ನಿತ್ಯ ಓಡುವ ಕಾರಿಗೇ ಅನುಕೂಲ.

ಬಿಡಿಭಾಗಕ್ಕಾಗಿ ಮುಂಬಯಿಯವರು ಕುರ್ಲಾ ಮತ್ತು ಚೋರ್ ಬಜಾರ್, ಚೆನ್ನೈಯವರು ಪುದುಪೇಟೆ, ದಿಲ್ಲಿಯವರು ಕಾಶ್ಮೀರಿ ಗೇಟ್, ಊರಿಗೆ ಹೋದಾಗ ಬೆಂಗಳೂರಿನ ಶಿವಾಜಿನಗರ ಸುತ್ತುವುದು ವಾಡಿಕೆ. ಆದರೆ ಕಾರ್ಬುರೇಟರ್ ಬಿಚ್ಚಿ ಕಿವಿಯಿಂದಲೇ ಹದ ಹಿಡಿಯಬಲ್ಲ ಮಿಸ್ತ್ರಿಗಳು ವರ್ಷದಿಂದ ವರ್ಷಕ್ಕೆ ವಿರಳರಾಗುತ್ತಿದ್ದಾರೆ. ಕೆಲಸವಿಲ್ಲದಿದ್ದರೆ ಅವರ ವಿದ್ಯೆ ಮುಂದಿನವರಿಗೆ ದಾಟದು. ಓಡುವ ಪ್ರತಿಯೊಂದು ಹಳೆಯ ಕಾರೂ ಒಬ್ಬ ಮಿಸ್ತ್ರಿಯ ಕೈಗೆ ಕೆಲಸ ಕೊಡುತ್ತದೆ ಎಂಬುದನ್ನು ಮರೆಯುವಂತಿಲ್ಲ.

'ವಿಂಟೇಜ್' ಪಟ್ಟ ಬೇಕೇ?

ಹಳೆಯ ಕಾರಿಗೆ ವಿಂಟೇಜ್ ಎಂದು ನೋಂದಣಿ ಮಾಡಿಸಿದರೆ ಗೌರವವೂ ಸಿಕ್ಕಿತು, ಓಡಿಸಲೂ ಆಯಿತು ಎಂದು ಅನೇಕರು ಭಾವಿಸಿದ್ದಾರೆ. ವಾಸ್ತವ ಹಾಗಿಲ್ಲ. ಕೇಂದ್ರ ಸರಕಾರ 2021ರ ಜುಲೈಯಲ್ಲಿ ಪ್ರಕಟಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ಮತ್ತು ಮೂಲರೂಪದಲ್ಲೇ ಇರುವ ಖಾಸಗಿ ವಾಹನಕ್ಕೆ 20,000 ರೂ. ಶುಲ್ಕದ ಮೇಲೆ 'ವಿಎ' ಅಕ್ಷರಗಳ ವಿಶೇಷ ನಂಬರ್ ದೊರೆಯುತ್ತದೆ. ಅವಧಿ 10 ವರ್ಷ. ಆದರೆ ಹೀಗೆ ನೋಂದಣಿಯಾದ ಕಾರನ್ನು ಪ್ರದರ್ಶನ, ರ್‍ಯಾಲಿ, ಸಂಶೋಧನೆ, ಪೆಟ್ರೋಲು ಹಾಕಿಸುವುದು, ದುರಸ್ತಿ ಮುಂತಾದ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು. ದಿನದ ಓಡಾಟಕ್ಕೆ ಅವಕಾಶವಿಲ್ಲ.

ದಿನವೂ ಓಡಿಸಬೇಕೆನ್ನುವವರು ಹಳೆಯ ಸಾಮಾನ್ಯ ನೋಂದಣಿಯನ್ನೇ ಜೀವಂತವಿಟ್ಟುಕೊಳ್ಳಬೇಕು. 15 ವರ್ಷದ ಬಳಿಕ ಪ್ರತಿ 5 ವರ್ಷಕ್ಕೊಮ್ಮೆ ವಾಹನ ತಪಾಸಣೆಗೊಳಗಾಗಿ ನವೀಕರಣ ಮಾಡಿಸಬೇಕು. 2025ರ ಆಗಸ್ಟಿನ ಅಧಿಸೂಚನೆಯಂತೆ 20 ವರ್ಷ ಮೀರಿದ ಕಾರಿಗೆ ಈ ಶುಲ್ಕ 10,000 ರೂ. ಮಹಾರಾಷ್ಟ್ರದಲ್ಲಿ ಪರಿಸರ ತೆರಿಗೆ ಪ್ರತ್ಯೇಕ. ವಿಮೆ, ಪಿಯುಸಿ ತಪ್ಪುವಂತಿಲ್ಲ. ದಿಲ್ಲಿಯ ಕನ್ನಡಿಗರಿಗೆ ಈ ದಾರಿ ಇನ್ನೂ ಕಠಿಣ. 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿತ್ತು. ಆ ಬಳಿಕವೂ ವಿಷಯ ನ್ಯಾಯಾಲಯದ ಮುಂದೆ ಬಂದಿರುವುದರಿಂದ ಇತ್ತೀಚಿನ ಆದೇಶ ನೋಡಿಯೇ ಹೆಜ್ಜೆಯಿಡಬೇಕು.

ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ವಿನಾಯಿತಿ ಇದೆ. ಗಣನೀಯವಾಗಿ ಮಾರ್ಪಡಿಸದ ಕಾರಾಗಿದ್ದರೆ 2018ರಿಂದ ವಾರ್ಷಿಕ ತಪಾಸಣೆಯೂ ಕಡ್ಡಾಯವಲ್ಲ. ಆದರೂ ಅದನ್ನು ದಿನವೂ ಓಡಿಸಲು ಅಡ್ಡಿಯಿಲ್ಲ, ಕಾರು ಸುಸ್ಥಿತಿಯಲ್ಲಿರಬೇಕಾದ ಹೊಣೆ ಮಾಲಕರದ್ದು. ನಮ್ಮಲ್ಲಿ ಹಳೆಯ ಕಾರಿಗೆ ಗೌರವದ ನಂಬರ್ ಕೊಟ್ಟು ಅದರ ಓಡಾಟವನ್ನೇ ಕಿತ್ತುಕೊಂಡಂತಾಗಿದೆ. ಹೊಗೆಯ ಚಿಂತೆ ಸಕಾರಣವೇ ಆದರೂ, ವಯಸ್ಸಿನ ಬದಲು ತಪಾಸಣೆಯ ಫಲಿತಾಂಶವನ್ನು ಅಳತೆಗೋಲಾಗಿಸಬಾರದೇ ಎಂಬ ಪ್ರಶ್ನೆ ಉಳಿದೇ ಇದೆ.

ಮುಂದಿನ ಪೀಳಿಗೆಗೆ

ಸಂಗ್ರಹಾಲಯಗಳಿಗೆ ಅವುಗಳದೇ ಮಹತ್ವವಿದೆ. ಶ್ರೀ ಕ್ಷೇತ್ರ ಧರ್ಮಸ್ಥಳದ ಸಂಗ್ರಹದಲ್ಲಿರುವ ಹಳೆಯ ಕಾರುಗಳನ್ನು ನೋಡಿ ಬೆರಗಾಗದ ಕರಾವಳಿಗರಿಲ್ಲ. ಅಪರೂಪದ ಕಾರುಗಳು ಅಲ್ಲಿ ಸುರಕ್ಷಿತವಾಗಿರುವುದೇ ಯೋಗ್ಯ. ಆದರೆ ಪ್ರತಿ ಮನೆಯ ಫಿಯೆಟ್ಟಿಗೆ ಸಂಗ್ರಹಾಲಯದಲ್ಲಿ ಜಾಗವಿಲ್ಲ. ಅದರ ಮುಂದಿರುವುದು ಎರಡೇ ದಾರಿ, ಗುಜರಿ ಅಥವಾ ರಸ್ತೆ.

ಟಾರ್ಪಾಲು ಸರಿಸುವ ಮುನ್ನ ಆರ್‌ಸಿ ಪುಸ್ತಕ ತೆಗೆದು ನವೀಕರಣದ ದಿನಾಂಕ ನೋಡಿರಿ. ಹೊರನಾಡಿನಲ್ಲಿ ಕನ್ನಡ ಉಳಿಯುವುದು ವರ್ಷಕ್ಕೊಮ್ಮೆ ರಾಜ್ಯೋತ್ಸವದ ವೇದಿಕೆಯಲ್ಲಿ ಆಡಿದ್ದರಿಂದಲ್ಲ, ಮನೆಯಲ್ಲಿ ದಿನವೂ ಆಡಿದ್ದರಿಂದ ಎಂಬುದು ಸಂಘದ ಸಭೆಗಳಲ್ಲಿ ಹಿರಿಯರು ಹೇಳುತ್ತ ಬಂದ ಮಾತು. ಹಿರಿಯರು ಬಿಟ್ಟುಹೋದ ಕಾರಿಗೂ ಅದೇ ಮಾತು ಸಲ್ಲುತ್ತದೆ.