ನಿಮಗಿದು ಗೊತ್ತೇ? ಮಗುವಿಗೆ ಚುಚ್ಚುಮದ್ದು, ಅಜ್ಜನಿಗೆ ರಕ್ಷಣೆ

2000ನೇ ಇಸವಿಯಲ್ಲಿ ಅಮೆರಿಕ ತನ್ನ ಹಸುಗೂಸುಗಳಿಗೆ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ವಿರುದ್ಧ ಹೊಸ ಲಸಿಕೆ ಹಾಕಲು ಶುರು ಮಾಡಿತು. ದೊಡ್ಡವರಿಗೆ ಅದನ್ನು ಕೊಡುತ್ತಿರಲಿಲ್ಲ. ಆದರೂ 2001ರ ಹೊತ್ತಿಗೆ, ಇದೇ ಬ್ಯಾಕ್ಟೀರಿಯಾ ರಕ್ತಕ್ಕೋ ಮಿದುಳಿನ ಪೊರೆಗೋ ನುಗ್ಗಿ ತರುವ ತೀವ್ರ ಕಾಯಿಲೆ 20ರಿಂದ 39 ವರ್ಷದವರಲ್ಲಿ ಶೇ 32ರಷ್ಟು, 65 ದಾಟಿದವರಲ್ಲಿ ಶೇ 18ರಷ್ಟು ಇಳಿದಿತ್ತು! ಲಸಿಕೆ ಪಡೆದ ವಯಸ್ಸಿನವರಲ್ಲಿ, ಅಂದರೆ ಎರಡು ವರ್ಷದೊಳಗಿನ ಮಕ್ಕಳಲ್ಲಿ, ಇಳಿಕೆ ಶೇ 69.

ಸೂಜಿ ಚುಚ್ಚಿದ್ದು ಮೊಮ್ಮಗುವಿಗೆ, ಕಾಯಿಲೆ ತಪ್ಪಿದ್ದು ಅಜ್ಜನಿಗೆ. ಇದು ಹೇಗೆ? ನ್ಯುಮೋಕಾಕಸ್‌ನ ಕಾಯಂ ವಾಸ ಮೂಗಿನ ಹಿಂಭಾಗದಲ್ಲಿ, ಅದರಲ್ಲೂ ಪುಟ್ಟ ಮಕ್ಕಳ ಮೂಗಿನಲ್ಲಿ. ಬಹುಪಾಲು ಮಕ್ಕಳಿಗೆ ಅದರಿಂದ ಏನೂ ಆಗುವುದಿಲ್ಲ; ಆಡಿಕೊಂಡು ಆರಾಮಾಗಿಯೇ ಇರುತ್ತಾರೆ. ಆದರೆ ಕೆಮ್ಮು, ಸೀನು, ಜೊಲ್ಲು, ಮುತ್ತುಗಳ ಮೂಲಕ ಅದು ಮಗುವನ್ನು ಎತ್ತಿ ಆಡಿಸುವವರಿಗೆ ದಾಟುತ್ತದೆ. ವಯಸ್ಸಾದ ಶ್ವಾಸಕೋಶದಲ್ಲಿ ಅದೇ ನ್ಯುಮೋನಿಯಾ ಆಗುತ್ತದೆ. ಮಗುವಿನ ಮೂಗಿನಲ್ಲೇ ಅದಕ್ಕೆ ಜಾಗ ಸಿಗದಂತೆ ಮಾಡಿದರೆ ಮನೆಯವರಿಗೆಲ್ಲ ರಕ್ಷಣೆ.

ಹಳೆಯ ನ್ಯುಮೋಕಾಕಸ್ ಲಸಿಕೆಗೆ ಈ ಶಕ್ತಿ ಇರಲಿಲ್ಲ. ಬ್ಯಾಕ್ಟೀರಿಯಾದ ಮೈಸುತ್ತ ಇರುವ ಸಕ್ಕರೆಯ ಕವಚವನ್ನಷ್ಟೇ ಬಳಸಿ ಅದನ್ನು ತಯಾರಿಸುತ್ತಿದ್ದರು. ಎರಡು ವರ್ಷದೊಳಗಿನ ಮಗುವಿನ ದೇಹ ಬರೀ ಸಕ್ಕರೆಯನ್ನು ಶತ್ರುವೆಂದು ಸರಿಯಾಗಿ ಗುರುತಿಸುವುದಿಲ್ಲ. ಹೊಸ ಲಸಿಕೆಯಲ್ಲಿ ಆ ಸಕ್ಕರೆಗೆ ಒಂದು ಪ್ರೋಟೀನನ್ನು ಬೆಸೆದರು. ಆ ಪ್ರೋಟೀನು ಯಾವುದು ಗೊತ್ತೇ? ಗಂಟಲುಮಾರಿಯ ವಿಷದ್ದೇ ನಿರಪಾಯಕಾರಿ ರೂಪ! ಒಂದು ಮಾರಿಯ ವಿಷವನ್ನು ಪಳಗಿಸಿ ಇನ್ನೊಂದು ಕಾಯಿಲೆಯ ವಿರುದ್ಧ ನಿಲ್ಲಿಸಿದ ಈ ಜಾಣ್ಮೆಗೆ ಎಷ್ಟು ಕೈಮುಗಿದರೂ ಸಾಲದು.

ಲಸಿಕೆ ಬರುವ ಮೊದಲಿನ ವರ್ಷಗಳಿಗೆ ಹೋಲಿಸಿದರೆ, 2007–09ರ ವೇಳೆಗೆ ಅಮೆರಿಕದಲ್ಲಿ ನ್ಯುಮೋನಿಯಾದಿಂದ ಆಸ್ಪತ್ರೆ ಸೇರುವವರು ವರ್ಷಕ್ಕೆ ಸುಮಾರು 1,68,000 ಮಂದಿ ಕಡಿಮೆಯಾಗಿದ್ದರು ಎಂಬುದು ಸಂಶೋಧಕರ ಅಂದಾಜು. ಅವರಲ್ಲಿ ಸುಮಾರು 73,000 ಮಂದಿ 85 ದಾಟಿದ ಹಿರಿಯರು.

ಎಚ್‌ಐವಿ ಬಹುವಾಗಿ ಹರಡಿರುವ ದಕ್ಷಿಣ ಆಫ್ರಿಕಾ 2009ರಲ್ಲಿ ಮಕ್ಕಳಿಗೆ ಈ ಲಸಿಕೆ ಆರಂಭಿಸಿತು. ಕೆಲವೇ ವರ್ಷಗಳಲ್ಲಿ, ಲಸಿಕೆಯಲ್ಲಿದ್ದ ತಳಿಗಳಿಂದ ಬರುವ ತೀವ್ರ ಕಾಯಿಲೆ 25ರಿಂದ 44 ವರ್ಷದವರಲ್ಲಿ ಶೇ 57ರಷ್ಟು ಇಳಿಯಿತು. ದುಡಿಯುವ ವಯಸ್ಸಿನ ಅಪ್ಪ ಅಮ್ಮಂದಿರು ಇವರೇ ಅಲ್ಲವೇ?

1986ರಲ್ಲಿ ಅಮೆರಿಕದಲ್ಲಿ ಬ್ಯಾಕ್ಟೀರಿಯಾದಿಂದ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ತಗುಲಿದವರ ಮಧ್ಯಾಂಕ ವಯಸ್ಸು 15 ತಿಂಗಳು. 1995ರಲ್ಲಿ ಅದು 25 ವರ್ಷ! ನಡುವೆ ಬಂದದ್ದು, ಪುಟ್ಟ ಮಕ್ಕಳಿಗೆ ಮೆನಿಂಜೈಟಿಸ್ ತರುತ್ತಿದ್ದ ಹಿಬ್ ಎಂಬ ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆ. ಇದನ್ನು ತಪ್ಪಾಗಿ ಓದಿಕೊಳ್ಳಬಾರದು. ಮಕ್ಕಳಿಂದ ತೊಲಗಿದ ಕಾಯಿಲೆ ದೊಡ್ಡವರ ಮೇಲೆ ಬಿತ್ತು ಎಂದಲ್ಲ. ಮಕ್ಕಳ ಪಾಲಿನ ಸಾವಿರಾರು ಪ್ರಕರಣಗಳು ಇಲ್ಲವಾದಾಗ ಪಟ್ಟಿಯಲ್ಲಿ ಉಳಿದವರು ಹೆಚ್ಚಾಗಿ ದೊಡ್ಡವರು, ಅಷ್ಟೆ.

ಮೆನಿಂಗೋಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಹದಿಹರೆಯದವರ ಗಂಟಲೆಂದರೆ ಇಷ್ಟ. ಬ್ರಿಟನ್ 1999ರ ನವೆಂಬರಿನಲ್ಲಿ ಅದರ ‘ಸಿ’ ಗುಂಪಿನ ವಿರುದ್ಧ ಮಕ್ಕಳಿಗೂ ಹದಿಹರೆಯದವರಿಗೂ ಲಸಿಕೆ ಹಾಕತೊಡಗಿತು. ಒಂದೇ ವರ್ಷದಲ್ಲಿ, ಆ ಗುಂಪಿನ ಬ್ಯಾಕ್ಟೀರಿಯಾವನ್ನು ಗಂಟಲಲ್ಲಿ ಹೊತ್ತ ಹದಿಹರೆಯದವರ ಪ್ರಮಾಣ ಶೇ 66ರಷ್ಟು ತಗ್ಗಿತು.

ಆ್ಯಂಟಿಬಯೋಟಿಕ್‌ಗೆ ಬಗ್ಗದ ನ್ಯುಮೋಕಾಕಸ್ ಕೂಡ ಮಕ್ಕಳ ನ್ಯುಮೋಕಾಕಸ್ ಲಸಿಕೆಯಿಂದ ಹಿಂದೆ ಸರಿಯಿತು. 1999ರಿಂದ 2004ರೊಳಗೆ ಅಮೆರಿಕದ ಹಿರಿಯರಲ್ಲಿ ಪೆನಿಸಿಲಿನ್‌ಗೆ ಮಣಿಯದ ತಳಿಗಳ ತೀವ್ರ ಕಾಯಿಲೆ ಸುಮಾರು ಅರ್ಧಕ್ಕಿಳಿಯಿತು.

ಆದರೆ ಬ್ಯಾಕ್ಟೀರಿಯಾ ಸುಮ್ಮನೆ ಕೂರುವ ಜಾತಿಯಲ್ಲ. ನ್ಯುಮೋಕಾಕಸ್‌ನಲ್ಲಿ 90ಕ್ಕೂ ಹೆಚ್ಚು ತಳಿಗಳಿವೆ. ಮೊದಲ ಲಸಿಕೆಯಲ್ಲಿದ್ದದ್ದು ಏಳು ಮಾತ್ರ. ಆ ಏಳು ಖಾಲಿ ಮಾಡಿದ ಜಾಗಕ್ಕೆ 19ಎ ಎಂಬ ತಳಿ ನುಗ್ಗಿತು, ಅದೂ ಹಲವು ಆ್ಯಂಟಿಬಯೋಟಿಕ್‌ಗಳನ್ನು ತಡೆದುಕೊಳ್ಳುವ ತಳಿ. 2010ರಲ್ಲಿ 13 ತಳಿಗಳ ಲಸಿಕೆ ತಂದು ಅದನ್ನು ಹತ್ತಿಕ್ಕಬೇಕಾಯಿತು. ಆಮೇಲೆ ಇಂಗ್ಲೆಂಡಿನ ಹಿರಿಯರಲ್ಲಿ 8ನೇ ತಳಿ ಹೆಚ್ಚಿತು. 3ನೇ ತಳಿಯಂತೂ ಲಸಿಕೆಯೊಳಗೇ ಇದ್ದರೂ ಅಷ್ಟಾಗಿ ಜಗ್ಗಲಿಲ್ಲ.

ನ್ಯುಮೋಕಾಕಸ್ ಮಗುವಿನಿಂದ ದೊಡ್ಡವರಿಗೆ ದಾಟಿದರೆ, ನಾಯಿಕೆಮ್ಮಿನ ಕಥೆ ಅದಕ್ಕೆ ತಿರುವುಮುರುವು. ಬಾಲ್ಯದ ಚುಚ್ಚುಮದ್ದಿನ ಬಲ ವರ್ಷಗಳು ಕಳೆದಂತೆ ಕುಗ್ಗುವುದರಿಂದ ಕಾಯಿಲೆ ಹದಿಹರೆಯದವರಲ್ಲಿ, ದೊಡ್ಡವರಲ್ಲಿ ತಲೆಯೆತ್ತುತ್ತದೆ. ವಾರಗಟ್ಟಲೆ ಬಿಡದ ಆ ಕೆಮ್ಮನ್ನು ನಾಯಿಕೆಮ್ಮೆಂದು ಯಾರೂ ಅನುಮಾನಿಸುವುದಿಲ್ಲ. ಅವರಿಂದ ಅದು ಇನ್ನೂ ಲಸಿಕೆ ಪಡೆಯದ ಎಳೆಗೂಸಿಗೆ ಅಂಟುತ್ತದೆ. ಹಾಗಾಗಿ ಬ್ರಿಟನ್ 2012ರಿಂದ ಗರ್ಭಿಣಿಯರಿಗೇ ಈ ಲಸಿಕೆ ಕೊಡುತ್ತಿದೆ.

ಗಂಟಲುಮಾರಿ ಮಕ್ಕಳ ಕಾಯಿಲೆ ಎನ್ನುತ್ತೀರಾ? 1990ರ ದಶಕದಲ್ಲಿ ಹಳೆಯ ಸೋವಿಯತ್ ನಾಡುಗಳಲ್ಲಿ ಅದು ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿಗೆ ತಗುಲಿತು. ರೋಗಿಗಳಲ್ಲಿ ದೊಡ್ಡವರ ಸಂಖ್ಯೆ ಕಂಡು ವೈದ್ಯರೇ ಬೆಚ್ಚಿದರು. ನಮ್ಮಲ್ಲೂ 10 ಮತ್ತು 16ನೇ ವಯಸ್ಸಿನಲ್ಲಿ ಕೊಡುತ್ತಿದ್ದ ಟಿಟಿ ಚುಚ್ಚುಮದ್ದಿನ ಜಾಗಕ್ಕೆ, ಧನುರ್ವಾಯುವಿನ ಜೊತೆಗೆ ಗಂಟಲುಮಾರಿಯನ್ನೂ ತಡೆಯುವ ಟಿಡಿ ಬಂದಿರುವುದು ಇಂಥ ಕಾರಣಕ್ಕೇ. ಶಾಲೆಯಲ್ಲಿ ಟಿಡಿ ಹಾಕುವ ದಿನ ದಯವಿಟ್ಟು ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ.

ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ನ್ಯುಮೋಕಾಕಸ್ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳ ಮೂಲಕ ಬಂತು, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ತಾಯಿ ಕಾರ್ಡಿನಲ್ಲಿ ‘ಪಿಸಿವಿ’ ಎಂದು ಹುಡುಕಿ: ಆರು ವಾರಕ್ಕೊಂದು, 14 ವಾರಕ್ಕೊಂದು, ಒಂಬತ್ತು ತಿಂಗಳಿಗೊಂದು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಪುಣೆಯಲ್ಲಿ ತಯಾರಾದ, 10 ತಳಿಗಳನ್ನು ತಡೆಯುವ ಲಸಿಕೆಯೂ ಈಗ ಇದೆ.

ಕೊನೆಯದೇ ನನಗೆ ಎಲ್ಲಕ್ಕಿಂತ ಸೋಜಿಗ. ಅಮೆರಿಕ 2014ರಲ್ಲಿ 65 ದಾಟಿದವರೆಲ್ಲರಿಗೂ 13 ತಳಿಗಳ ಲಸಿಕೆ ಶಿಫಾರಸು ಮಾಡಿತು. 2019ರಲ್ಲಿ ‘ಎಲ್ಲರಿಗೂ’ ಎಂಬುದನ್ನು ಕೈಬಿಟ್ಟಿತು. ಮಕ್ಕಳ ಚುಚ್ಚುಮದ್ದೇ ಆ ತಳಿಗಳನ್ನು ಹಿರಿಯರಿಂದ ಬಹುಮಟ್ಟಿಗೆ ದೂರವಿಟ್ಟಿತ್ತು. 2024ರಲ್ಲಿ ಅಲ್ಲಿ ದೊಡ್ಡವರಿಗೆಂದೇ 21 ತಳಿಗಳ ಲಸಿಕೆಗೆ ಒಪ್ಪಿಗೆ ಸಿಕ್ಕಿತು. ಮಕ್ಕಳ ಲಸಿಕೆ ಆಗಲೇ ಹತ್ತಿಕ್ಕಿದ್ದ ಎಷ್ಟೋ ತಳಿಗಳನ್ನು ಅದರಲ್ಲಿ ಬಿಟ್ಟು, ಬೇರಾವ ಲಸಿಕೆಯಲ್ಲೂ ಇಲ್ಲದ ಎಂಟು ತಳಿಗಳನ್ನು ಸೇರಿಸಿದ್ದಾರೆ. ನಮ್ಮಲ್ಲಿ ಮಕ್ಕಳಿಗೆ ದೇಶದೆಲ್ಲೆಡೆ ಲಸಿಕೆ ಆರಂಭವಾಗಿ ಕೆಲವೇ ವರ್ಷ. ನಮ್ಮ ಅಜ್ಜ ಅಜ್ಜಿಯರಿಗೆ ಯಾವ ತಳಿಗಳ ಲಸಿಕೆ ಹೊಂದುತ್ತದೆ ಎಂದು ತಿಳಿಯಲು, ಆಸ್ಪತ್ರೆಗೆ ಬರುವ ದೊಡ್ಡವರ ರಕ್ತದಲ್ಲಿ ಸಿಗುವ ನ್ಯುಮೋಕಾಕಸ್ ಯಾವ ತಳಿಯದು ಎಂಬುದನ್ನು ವರ್ಷವರ್ಷವೂ ಪರೀಕ್ಷಿಸಿ ಬರೆದಿಡಬೇಕಾಗುತ್ತದೆ.